ಚನ್ನಪ್ಪ ಮೇಣ ತಿಕ್ಕಿದ ಹಲಗೆ

ಹೊಳೆನರಸೀಪುರದ ನಮ್ಮ ಹೆಣ್ಣುಮಕ್ಕಳ ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಅಂತ ಬೋರ್ಡಿನಲ್ಲಿ ಹೆಸರಿದ್ದದ್ದು ನನ್ನದು. ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದವನು ಅಟೆಂಡರ್ ಚನ್ನಪ್ಪ. ದಂಡಿಗನಹಳ್ಳಿ ಕಡೆಯವನು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು.

ಘರ್ಷಣೆಯ ಪ್ರಯೋಗವೆಂದರೆ ಅವನಿಗೆ ಪ್ರಾಣ. ಹಲಗೆಯ ಮೇಲೊಂದು ಮರದ ತುಂಡು; ಅದಕ್ಕೆ ಕಟ್ಟಿದ ದಾರ ತುದಿಯ ರಾಟೆ ದಾಟಿ ಇಳಿದರೆ ಅಲ್ಲೊಂದು ತಟ್ಟೆ. ತಟ್ಟೆಗೆ ತೂಕ ಹಾಕುತ್ತಾ ಹಲಗೆಯನ್ನು ಮೆಲ್ಲಗೆ ತಟ್ಟಬೇಕು. ತುಂಡು ಓಡಲೂಬಾರದು, ನಿಲ್ಲಲೂಬಾರದು. ಒಂದೇ ವೇಗದಲ್ಲಿ ಜಾರಿದಾಗ ತಟ್ಟೆಯ ಕಡೆಯ ತೂಕವನ್ನು ತುಂಡಿನ ತೂಕದಿಂದ ಭಾಗಿಸಿದರೆ ಘರ್ಷಣಾ ಗುಣಾಂಕ. "ತುಂಬಿದ ಕೊಡ ಒತ್ಕೊಂಡೋರು ನಡೀತಾರಲ್ಲ, ಅಂಗೆ ಓಗ್ಬೇಕು ಕಣ್ರವ್ವಾ" ಎನ್ನುತ್ತಿದ್ದ. ನಾನು ಬರೆಸಿದ ನೋಟ್ಸಿಗಿಂತ ಹುಡುಗಿಯರಿಗೆ ಅದೇ ತಲೆಗೆ ಹತ್ತುತ್ತಿತ್ತು.

ನಮ್ಮ ಹಲಗೆಯ ಉತ್ತರ ಯಾವಾಗಲೂ 0.32. ತಟ್ಟೆ ಮುಟ್ಟದವರೂ ಅದನ್ನೇ ಬರೆದು ಪಾಸಾಗುತ್ತಿದ್ದರು.

ತೊಂಬತ್ತಾರರಲ್ಲಿ ಅವನ ಮಗಳು ರೂಪಶ್ರೀಯ ಸರದಿ ಬಂತು. ಹಾಸನದಲ್ಲಿ ಇಂಜಿನಿಯರಿಂಗ್ ಓದಬೇಕೆಂದು ಅವಳಿಗೆ ಆಸೆ, ಅಪ್ಪನಿಗೆ ಅವಳಿಗಿಂತ ಹೆಚ್ಚು. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ, ಮಗಳು ಮುಟ್ಟುವ ಸಾಮಾನೆಂದು ಲ್ಯಾಬನ್ನೆಲ್ಲ ಒರೆಸಿದ. ಆ ಹಲಗೆಗೂ ತುಂಡಿಗೂ ಮೇಣದಬತ್ತಿ ತಿಕ್ಕಿ ಮಿರಮಿರ ಮಿಂಚಿಸಿದ. ವರ್ಷಗಟ್ಟಲೆ ಘರ್ಷಣೆ ಹೇಳಿಕೊಟ್ಟವನಿಗೆ ಪ್ರೀತಿಯಲ್ಲಿ ಅದೇ ಮರೆತುಹೋಯಿತು.

ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಅದೇ ಪ್ರಯೋಗ. ಉತ್ತರ 0.21 ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಳೆಯ ಉತ್ತರಗಳ ಪಟ್ಟಿ ನೋಡಿ, ಇದು ಹೇಗೆ ಬಂತು ಎಂದು ಗದರಿದರು. ಬೆರಳಿಗೆ ಮೇಣ ಹತ್ತಿದ್ದರಿಂದ ಅವಳಿಗೆ ಎಲ್ಲ ತಿಳಿದಿತ್ತು. ಅಪ್ಪನ ಹೆಸರೆತ್ತಲಿಲ್ಲ. "ಬಂದಿದ್ದನ್ನೇ ಬರ್ದೆ ಸಾರ್" ಎಂದು ನನ್ನ ಮುಖ ನೋಡಿದಳು. ಹಲಗೆಯ ಮೇಣದ ಮಿಂಚು ನನ್ನ ಕಣ್ಣಿಗೂ ಬಿದ್ದಿತ್ತು; ನಾನು ಕಿಟಕಿಯ ಕಡೆ ತಿರುಗಿದೆ. ಚನ್ನಪ್ಪನಿಗೆ ಮೆಮೊ ಬರುತ್ತದೆಂದು ಸುಮ್ಮನಿದ್ದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಲ್ಯಾಬಿನ ಉಸ್ತುವಾರಿ ನನ್ನದಿತ್ತು, ನನಗೇ ಹೆದರಿಕೆ. ಚನ್ನಪ್ಪ ಆ ಹೊತ್ತಿಗೆ ಪರೀಕ್ಷಕರಿಗೇ ಇಡ್ಲಿ ತರಲು ಹೋಗಿದ್ದ.

ಅಂಕ ಕಳೆದರು. ಸೀಟು ಕೂದಲೆಳೆಯಲ್ಲಿ ತಪ್ಪಿತು. ಎರಡು ವರ್ಷಕ್ಕೆ ರೂಪಶ್ರೀಯನ್ನು ಅರಕಲಗೂಡಿಗೆ ಮದುವೆ ಮಾಡಿ ಕೊಟ್ಟರು. ಚನ್ನಪ್ಪ ನನ್ನನ್ನು ಏನೂ ಕೇಳಲಿಲ್ಲ. ಅವನಿಗೆ ಗೊತ್ತಿಲ್ಲವೆಂದು ನಾನು ನೆಮ್ಮದಿಯಾಗಿದ್ದೆ.

ಎರಡು ಸಾವಿರದ ಐದರಲ್ಲಿ ಅವನು ನಿವೃತ್ತನಾದ. ಹಾರ, ಭಾಷಣ ಎಲ್ಲ ಮುಗಿದ ಮೇಲೆ ಬೀಗದ ಕೈ ಕೊಡಲು ಲ್ಯಾಬಿಗೆ ಬಂದ. ಆ ಹಲಗೆಯ ಮೇಲೆ ಧೂಳು ಕೂತಿತ್ತು. ಪರೀಕ್ಷೆಯ ಮಾರನೆಯ ದಿನ ಮರಳುಕಾಗದದಲ್ಲಿ ಮೇಣ ಉಜ್ಜಿ ತೆಗೆದವನು ಆಮೇಲೆ ಅದಕ್ಕೆ ಬಟ್ಟೆಯನ್ನೂ ಸೋಕಿಸಿರಲಿಲ್ಲವಂತೆ; ಅವನೇ ಹೇಳಿದ.

"ಅವತ್ತು ತಟ್ಟೆ ತೂಕ ಎತ್ತಿಡೋವಾಗ್ಲೇ, ಕಮ್ಮಿ ಐತಲ್ಲ ಅಂತ ನೋಡಿ ಗೊತ್ತಾಯ್ತು ಸಾ. ಅಷ್ಟೊತ್ಗೆ ಎಕ್ಸಾಮ್ಗೆ ಬಂದಿದ್ದೋರು ಮಾರ್ಕ್ಸಿಗೆ ಸೈನ್ ಆಕಿ ಓಗ್ಬುಟ್ಟಿದ್ರು. ನೀವು ಅಲ್ಲೇ ಇದ್ರಲ್ಲ, ಮೇಣ ತಿಕ್ಕಿದ್ದು ನಾನು ಅಂತ ಯೋಳಿರ್ತೀರ ಅನ್ಕಂಡೆ" ಎಂದ. ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಮೆಮೊ ಕೊಟ್ಟಿದ್ರೆ ಇಸ್ಕಂತಿದ್ದೆ ಸಾ."