ಕೆಳಸಾಲಿನ ಮುಖಗಳು

ದೇವದುರ್ಗದ ಬಸ್ ನಿಲ್ದಾಣದೆದುರು ಬ್ಯಾನರ್ ವಿನ್ಯಾಸ ಮಾಡುವ ಮೌನೇಶ್ವರಿಗೆ ವಾಟ್ಸಾಪಿನ ಮಸುಕು ಫೋಟೊ ಕಂಡರೆ ಮೈಯೆಲ್ಲ ಉರಿ. "ಇದು ಮುಖ ಏನ್ರೀ, ನುಚ್ಚಿನ ರಾಶಿಯೋ?" ಎಂದು ಬೈಯುತ್ತಲೇ ಕಂಪ್ಯೂಟರಿನಲ್ಲಿ ಮೂಗು, ಮೀಸೆಗಳನ್ನು ಗೆರೆಗೆರೆಯಾಗಿ ಹೊಸದಾಗಿ ಬರೆಯುತ್ತಾಳೆ. ಗೆರೆಯ ಚಿತ್ರ ಬಸ್ ನಿಲ್ದಾಣದಷ್ಟು ಹಿಗ್ಗಿಸಿದರೂ ಒಡೆದು ಮಸುಕಾಗುವುದಿಲ್ಲವಂತೆ. ಮುದ್ರಣದ ಫೈಲು ತೆಗೆಯುವಾಗ ರೆಸಲ್ಯೂಶನ್ ಕೂದಲೆಳೆಯಷ್ಟೂ ಇಳಿಸಳು. ಫೈಲಿನ ಭಾರಕ್ಕೆ ಕಂಪ್ಯೂಟರು ಗಬ್ಬೂರಿನ ಬಸ್ಸಿನಂತೆ ಏದುಸಿರು ಬಿಡುತ್ತದೆ, ರಾಯಚೂರಿನ ಮುದ್ರಕ "ಯವ್ವಾ, ಫೈಲು ಹಗುರ ಮಾಡಬೇ" ಎಂದು ಫೋನಿನಲ್ಲೇ ಅಳುತ್ತಾನೆ. ಮೊನ್ನೆ ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರ ಹುಟ್ಟುಹಬ್ಬಕ್ಕೆ ಮೂವತ್ತಡಿಯ ಬ್ಯಾನರ್. ಮೇಲೆ ಸಾಹುಕಾರರು, ಕೆಳಸಾಲಿನಲ್ಲಿ ಶುಭ ಕೋರುವ ಇಪ್ಪತ್ತು ಹಮಾಲರು. "ಕೆಳಗಿನವ್ರು ಹೆಂಗ ಬಂದ್ರೇನು, ಯಾರ್ ನೋಡ್ತಾರ?" ಎಂದ ಬ್ಯಾನರ್ ಮಾಡಿಸಲು ಬಂದಿದ್ದ ಗಿರಣಿಯ ಗುಮಾಸ್ತ. "ಅವ್ರ ಹೆಂಡ್ರು ನೋಡ್ತಾರ್ರೀ" ಎಂದು ಆಕೆ ಒಂದೊಂದೇ ಮುಖವನ್ನು ಪರದೆಯ ತುಂಬ ಹಿಗ್ಗಿಸಿ ತೋರಿಸಿದಳು. ಹಮಾಲ ಮೌನಪ್ಪನ ಮುಖ ಬಂದಾಗ ಗುಮಾಸ್ತ ಪರದೆಗೆ ಕೈ ಅಡ್ಡ ಹಿಡಿದ. "ಇವನ ಹುಬ್ಬಿನ ಗಾಯ ಅಳಸು. ಗಿರಣ್ಯಾಗ ಇವನ ಮ್ಯಾಲ ಚೀಲ ಬಿದ್ದದ್ದು ಮತ್ತ ಮಾತಾಗ್ತದ. ಇಲ್ಲಂದ್ರ ಸಾವ್ಕಾರ್ರು ಇನ್ನೊಮ್ಮಿ ನಿನ್ನ ಅಂಗಡಿ ಹೊಸ್ತಿಲ ತುಳಿಯಂಗಿಲ್ಲ!" ಮೌನೇಶ್ವರಿ ಫೈಲನ್ನು ಇದ್ದ ಹಾಗೆಯೇ ರಾಯಚೂರಿಗೆ ಕಳಿಸಿಯೇ ತಿರುಗಿದಳು: "ಗಿರಣ್ಯಾಗ ಆದ ಗಾಯ, ಗಿರಣಿ ಬ್ಯಾನರಿನ್ಯಾಗ ಇರ್ಲಿ ಬಿಡ್ರಿ."