ಗೇಟಿನ ಬಳಿ ಒಂಟಿ ಚಪ್ಪಲಿ

ಮೊನ್ನೆ ಮಂಗಳವಾರ ಬೆಳಿಗ್ಗೆ ಐದು ಇಪ್ಪತ್ತಕ್ಕೆ ಎಂದಿನಂತೆ ವಾಕಿಂಗಿಗೆ ಹೊರಟು ಗೇಟು ತೆಗೆದಾಗ, ಎದುರು ಮನೆಯ ಗೇಟಿನ ಬಳಿ ಒಂಟಿ ಚಪ್ಪಲಿ ಬಿದ್ದಿತ್ತು. ಎಡಗಾಲಿನದು. ಕಂದು ಬಣ್ಣದ ಚರ್ಮದ ಚಪ್ಪಲಿ, ಹಿಮ್ಮಡಿ ಸವೆದಿತ್ತು. ನಮ್ಮ ಬೀದಿಯ ನಾಯಿಗಳಿಗೆ ಚಪ್ಪಲಿ ಕದಿಯುವ ಚಟ. ಯಾರ ಮನೆಯದನ್ನೋ ಕಚ್ಚಿ ತಂದು ಅಲ್ಲಿ ಬಿಟ್ಟಿರಬೇಕು. ಅಷ್ಟೇ ವಿಷಯ. ಆದರೆ ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ಗಾಡಿ ಹೊರಗೆ ಹೋಗಿದೆ ಎಂದುಕೊಂಡೆ. ಇನ್ನೂ ಯಾಕೆ ಬಂದಿಲ್ಲ ಎಂದು ಬೀದಿಯ ತಿರುವಿನ ಕಡೆ ನೋಡಿದೆ... ಆಮೇಲೆ ನೆನಪಾಯಿತು. ಆ ಗಾಡಿ ಮಾರಿ ಎರಡು ತಿಂಗಳಾಗಿದೆ. ಅದರ ಯಜಮಾನರು ಹೋಗಿ ವರ್ಷ ದಾಟಿದೆ.

ಅವರನ್ನು ಬೀದಿಯವರೆಲ್ಲ ಸಾಹುಕಾರರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ದಾವಣಗೆರೆ ಕಡೆಯವರು. ಮಂಡಿಯಲ್ಲಿ ಬೆಲ್ಲದ ಸಗಟು ವ್ಯಾಪಾರ. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹತ್ತಿರ ಬಂದರೆ ಬೆಲ್ಲದ ವಾಸನೆ. ಎಷ್ಟು ಸ್ನಾನ ಮಾಡಿದರೂ ಅದು ಹೋಗುವುದಿಲ್ಲವೆಂದು ಅವರೇ ನಗುತ್ತಿದ್ದರು. ನಾನು ಬಸ್ ಡಿಪೋದಲ್ಲಿ ಹೊಸ ಚಾಲಕರಿಗೆ ತರಬೇತಿ ಕೊಡುತ್ತಿದ್ದವನು. ಮೂವತ್ತೊಂದು ವರ್ಷ ಅದೇ ಕೆಲಸ. ಹಾಗಾಗಿ ಅವರಿಗೆ ನಾನು ಮೇಷ್ಟ್ರು.

ಅರವತ್ತನಾಲ್ಕನೇ ವಯಸ್ಸಿನಲ್ಲಿ ಅವರು ಕಾರು ಕೊಳ್ಳಲು ಹೊರಟಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವರ ಹೆಂಡತಿಯೂ ಬಂದಿದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಎರಡೂ ಮೊಣಕಾಲು ಸವೆದು ಹೋಗಿತ್ತು. ಸಣ್ಣ ಕಾರಿನಲ್ಲಿ ಕುಕ್ಕರಿಸಿದಂತೆ ಕೂರಲು ಆಗುತ್ತಿರಲಿಲ್ಲ, ಜೀಪಿನಂಥ ಗಾಡಿಗೆ ಹತ್ತಲು ಆಗುತ್ತಿರಲಿಲ್ಲ. ಶೋರೂಮಿನ ಹುಡುಗ ಒಂದು ಗಾಡಿಯ ಮುಂದೆ ನಿಲ್ಲಿಸಿದ. ಹೊರಗಿನಿಂದ ಜೀಪಿನ ಗತ್ತು, ಒಳಗೆ ಕಾರಿನ ಮೆತ್ತೆ. ಗೇರ್ ತಾನಾಗಿಯೇ ಬದಲಾಗುವ ಗಾಡಿ.

"ಲಕ್ಷುರಿ ಗಾಡಿ ಸಾರ್, ಆದ್ರೆ ನಮ್ಮ ನಿಮ್ಮಂಥೋರ ಕೈಗೆ ಸಿಗೋ ಲಕ್ಷುರಿ. ಇದೊಂದು ಬಟನ್ ಒತ್ತಿದ್ರೆ ಮೇಲೆ ಆಕಾಶ ಕಾಣುತ್ತೆ."

"ಆಕಾಶ ನಮ್ಮ ಮಾಳಿಗಿ ಮ್ಯಾಲೂ ಕಾಣ್ತತಪ್ಪ. ಸೀಟು ನೆಲದಿಂದ ಎಷ್ಟು ಎತ್ತರ ಐತಿ, ಅದನ್ನ ಹೇಳು," ಎಂದರು ಸಾಹುಕಾರರು.

ಹುಡುಗನಿಗೆ ಗೊತ್ತಿರಲಿಲ್ಲ. ಅವರು ಜೇಬಿನಿಂದ ದರ್ಜಿಯ ಟೇಪು ತೆಗೆದು, ಬಗ್ಗಿ, ತಾವೇ ಅಳೆದರು. ಬರುವ ಮುಂಚೆ ಮನೆಯ ಮಂಚದ ಎತ್ತರ ಅಳೆದುಕೊಂಡು ಬಂದಿದ್ದರಂತೆ. ಅರ್ಧ ಇಂಚು ಮಾತ್ರ ವ್ಯತ್ಯಾಸ. ಅಕ್ಕ ಹಿಂದೆ ತಿರುಗಿ, ಮಂಚದ ಮೇಲೆ ಕೂರುವ ಹಾಗೆ ಕೂತು, ಕಾಲನ್ನು ಒಳಗೆ ಎಳೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. "ಇದ ಇರ್ಲಿ," ಎಂದರು ಸಾಹುಕಾರರು. ಇಂಜಿನ್ ಎಷ್ಟು ದೊಡ್ಡದೆಂದು ಕೇಳಲೂ ಇಲ್ಲ.

ಡ್ರೈವರ್ ಇಟ್ಟುಕೊಳ್ಳಿ ಎಂದು ನಾನೇ ಹೇಳಿದೆ. ಅವರು ಒಪ್ಪಲಿಲ್ಲ. "ನಲವತ್ತು ವರ್ಷ ಮಂಡಿ, ಮಂಡಿ ಅಂತ ಆಕಿನ್ನ ಎಲ್ಲಿಗೂ ಕರಕೊಂಡ್ ಹೋಗಿಲ್ರಿ ಮೇಷ್ಟ್ರ. ಡ್ರೈವರ್ ಇಟ್ರ ಆತ ಕರಕೊಂಡ್ ಹೋದಂಗ ಆಗ್ತತಿ. ನಾನ ಹೊಡೀಬೇಕು, ಆಕಿ ಬಾಜೂಕ ಕುಂದರಬೇಕು. ನೀವು ಕಲಿಸ್ರಿ."

ಗಾಡಿಯನ್ನು ಮನೆಗೆ ತಂದವನು ನಾನು. ಮೈಸೂರು ರಸ್ತೆಯಲ್ಲಿ ದೀಪಾಂಜಲಿ ನಗರದ ಹತ್ತಿರ ಮುಂದಿನ ಆಟೊ ನಿಧಾನವಾಯಿತು. ಮೂವತ್ತೊಂದು ವರ್ಷದ ಅಭ್ಯಾಸ, ಎಡಗಾಲು ತಾನಾಗಿಯೇ ಕ್ಲಚ್ ಹುಡುಕಿತು. ಆ ಗಾಡಿಯಲ್ಲಿ ಕ್ಲಚ್ ಇಲ್ಲ. ಸಿಕ್ಕಿದ್ದು ಅಗಲವಾದ ಬ್ರೇಕು, ಅದನ್ನೇ ಪೂರ್ತಿ ತುಳಿದೆ. ಗಾಡಿ ಗಕ್ಕೆಂದು ನಿಂತಿತು. ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲಿದ್ದ ಪೂಜೆಯ ತಟ್ಟೆಯಿಂದ ತೆಂಗಿನಕಾಯಿ ಉರುಳಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ನನಗೆ ಕಿವಿಯವರೆಗೆ ಬಿಸಿಯೇರಿತು. ಸಾಹುಕಾರರು ಸೀಟು ಬೆಲ್ಟು ಸರಿಮಾಡಿಕೊಂಡು, "ರಸ್ತಿ ಸರಿ ಇಲ್ಲ ಬಿಡ್ರಿ," ಎಂದರು. ರಸ್ತೆ ತಟ್ಟೆಯ ಹಾಗೆ ನುಣ್ಣಗಿತ್ತು.

ಆ ಮಾತನ್ನು ಅವರು ಮತ್ತೆ ಎಂದೂ ಎತ್ತಲಿಲ್ಲ.

ಪಾಠ ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ ಐದೂವರೆಯಿಂದ ಆರೂಕಾಲು. ಹಳೇ ಕಾಲದಲ್ಲಿ ಯಾವಾಗಲೋ ಸ್ನೇಹಿತರ ಕಾರಿನಲ್ಲಿ ಕೈ ಆಡಿಸಿದ್ದ ಅವರಿಗೂ ಎಡಗಾಲಿನ ಕಾಟವಿತ್ತು. ಅದಕ್ಕೆ ನಾನೊಂದು ನಿಯಮ ಮಾಡಿದೆ. ಗಾಡಿ ಹತ್ತುವ ಮೊದಲು ಎಡಗಾಲಿನ ಚಪ್ಪಲಿಯನ್ನು ಗೇಟಿನ ಬಳಿ ಬಿಡಬೇಕು. ಬರಿಗಾಲಿಗೆ ಕೆಳಗಿನ ಮ್ಯಾಟು ಚುಚ್ಚುತ್ತಿದ್ದರೆ, ತಾನು ಸುಮ್ಮನಿರಬೇಕು ಎಂಬುದು ಆ ಕಾಲಿಗೆ ನೆನಪಿರುತ್ತದೆ. ಅವರು ಕೂಡಲೇ ಒಪ್ಪಿದರು. ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಬೆಲ್ಲದ ಸಾಹುಕಾರರು ಕಾರು ಹತ್ತುವುದನ್ನು ನೋಡಿ ಹಾಲಿನವನು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ಇನ್ನೊಂದು ನಿಯಮ ಡಿಪೋದಿಂದ ಬಂದದ್ದು. ಸತತ ಹನ್ನೆರಡು ದಿನ ಒಂದೂ ತಪ್ಪಿಲ್ಲದೆ ಓಡಿಸಿದರೆ ಮೇಷ್ಟ್ರು ಕೆಳಗಿಳಿದು, ಗಾಡಿಯ ಮೈಗೆ ಎರಡು ಸಲ ತಟ್ಟಿ, "ರೈಟ್" ಎನ್ನುತ್ತಾರೆ. ಆಮೇಲೆ ಚಾಲಕ ಒಬ್ಬನೇ ಹೋಗಬಹುದು. ನಡುವೆ ಒಂದು ತಪ್ಪಾದರೂ ಮತ್ತೆ ಒಂದನೇ ದಿನ. ಎರಡನೇ ತಿಂಗಳಲ್ಲೇ ಸಾಹುಕಾರರಿಗೆ ಲೈಸೆನ್ಸ್ ಬಂತು. ಅದನ್ನು ತೋರಿಸಿ, "ಇದು ಸರ್ಕಾರದ್ದಾತು. ರೈಟ್ ನೀವು ಕೊಡಬೇಕು," ಎಂದರು. ಆ ಮಾತು ನನಗೆ ಹಿತವಾಗಿತ್ತು. ಈಗ ಅದನ್ನು ನೆನೆಸಿಕೊಂಡರೆ ಕೂತಲ್ಲಿ ಕೂರಲಾಗುವುದಿಲ್ಲ.

ಒಮ್ಮೆ ಒಂಬತ್ತನೇ ದಿನಕ್ಕೆ ಬಂದರು. ವಾಪಸು ನಮ್ಮ ಬೀದಿಗೆ ತಿರುಗುವಾಗ ಇಂಡಿಕೇಟರ್ ಹಾಕಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಬರೆದೆ.

"ಬೀದ್ಯಾಗ ನಾಯಿ ಬಿಟ್ರ ಯಾರೂ ಇಲ್ಲಲ್ರೀ. ನಾಯಿಗೂ ಸಿಗ್ನಲ್ ಬೇಕೇನು?"

"ಬೇಕು."

ಅವರು ನಕ್ಕರು. ಮತ್ತೆ ಒಂದನೇ ದಿನ. ಇನ್ನೊಮ್ಮೆ ಹನ್ನೊಂದಕ್ಕೆ ಬಂದರು. ರಿವರ್ಸ್ ತೆಗೆಯುವಾಗ ಕನ್ನಡಿ ನೋಡದೆ ಪರದೆಯ ಚಿತ್ರವನ್ನೇ ನೋಡಿದರು. ಮತ್ತೆ ಒಂದು. ನನ್ನ ಹೆಂಡತಿ ಕಾಫಿ ಲೋಟ ಕುಕ್ಕಿ, "ಅವ್ರೇನು ಬಸ್ ಓಡಿಸ್ಬೇಕಾ? ಹೆಂಡ್ತೀನ ಕೂರಿಸ್ಕೊಂಡು ಎರಡು ರೌಂಡ್ ಹೋಗ್ಬೇಕು, ಅಷ್ಟೇ ತಾನೆ? ಪಾಪ ರೀ," ಎಂದಳು. ತಪ್ಪು ತಪ್ಪೇ ಎಂದೆ. "ನಿಮ್ಮತ್ರ ಮಾತಾಡೋದೂ ಒಂದೇ, ಡಿಪೋ ಗೋಡೆ ಹತ್ರ ಮಾತಾಡೋದೂ ಒಂದೇ," ಎಂದು ಒಳಗೆ ಹೋದಳು.

ಹಾಗೆ ಏಳು ತಿಂಗಳು ಕಳೆಯಿತು.

ಒಂದು ಗುರುವಾರ ಹನ್ನೊಂದು ಗಂಟೆಗೆ ಔಷಧಿ ತರಲು ಹೋಗಿದ್ದವನು ವಾಪಸು ಬಂದಾಗ, ಎದುರು ಗೇಟಿನ ಬಳಿ ಒಂಟಿ ಚಪ್ಪಲಿ ಇತ್ತು. ಎಡಗಾಲಿನದು. ಪೋರ್ಚು ಖಾಲಿ. ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮೈ ಉರಿಯಿತು. ಔಷಧಿಯ ಪೊಟ್ಟಣ ಕೈಯಲ್ಲೇ ಹಿಡಿದು ಬಿಸಿಲಿನಲ್ಲಿ ನಲವತ್ತು ನಿಮಿಷ ನಿಂತೆ. ಗಾಡಿ ಬಂತು. ಖಾಲಿ ಬೀದಿಗೆ ತಿರುಗುವಾಗ ಇಂಡಿಕೇಟರ್ ಮಿನುಗಿತು. ಕನ್ನಡಿ ನೋಡಿ, ಒಂದೇ ಸಲಕ್ಕೆ, ಗೋಡೆಯಿಂದ ಸರಿಯಾಗಿ ಒಂದೂವರೆ ಅಡಿ ಬಿಟ್ಟು ನಿಂತಿತು. ಒಂದು ತಪ್ಪೂ ಇರಲಿಲ್ಲ. ಅದನ್ನು ನಾನು ಗಮನಿಸಿದೆ. ಗಮನಿಸಿಯೂ ಬಿಡಲಿಲ್ಲ.

ಅಕ್ಕ ಮುಂದಿನ ಸೀಟಿನಲ್ಲಿದ್ದರು. ತಲೆಯಲ್ಲಿ ಮಲ್ಲಿಗೆ, ಮಡಿಲಲ್ಲಿ ಸೀಬೆಹಣ್ಣಿನ ಚೀಲ. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಚಪ್ಪಲಿಯನ್ನು ಎತ್ತಿ ಹಿಡಿದೆ.

"ಏನ್ ಸಾಹುಕಾರ್ರೇ ಇದು? ಯಾರು ರೈಟ್ ಹೇಳಿದ್ದು ನಿಮಗೆ?"

ಅಕ್ಕನ ನಗು ಹೋಯಿತು. ಸಾಹುಕಾರರು ಇಳಿದು ಬಂದು, ಆ ಚಪ್ಪಲಿಯನ್ನು ನನ್ನ ಕೈಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡರು. "ತಪ್ಪಾತ್ರಿ ಮೇಷ್ಟ್ರ."

"ನಾಳೆಯಿಂದ ನಾನು ಬರಲ್ಲ. ನಿಮಗೆ ಮೇಷ್ಟ್ರು ಬೇಕಿಲ್ಲ."

ಅವರು ಬೇಕಿದ್ದರೆ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ದೀಪಾಂಜಲಿ ನಗರ ಎಂದಿದ್ದರೆ ಸಾಕಿತ್ತು... ಅನ್ನಲಿಲ್ಲ.

ಮರುದಿನ ಗಾಡಿಗೆ ಕವರ್ ಬಿತ್ತು. ಅವರು ಹೇಗೂ ಓಡಿಸುತ್ತಾರೆ, ಯಾರು ತಡೆಯುತ್ತಾರೆ ಎಂದುಕೊಂಡಿದ್ದೆ. ಗಾಡಿ ಅವರದು, ಲೈಸೆನ್ಸ್ ಅವರದು, ಹೆಂಡತಿ ಅವರ ಹೆಂಡತಿ. ಓಡಿಸಲಿಲ್ಲ. ಮಂಡಿಯಲ್ಲಿ ಅಷ್ಟು ಜನರನ್ನು ಆಳುವ ಮನುಷ್ಯ ನನ್ನ ಒಂದು ಮಾತಿಗೆ ಕಟ್ಟುಬಿದ್ದು ಕೂತರು. ಮತ್ತೆ ಆಟೊ ಬರತೊಡಗಿತು. ಅಕ್ಕ ತಮ್ಮ ಕಾಲನ್ನು ಎರಡೂ ಕೈಯಿಂದ ಎತ್ತಿ ಆಟೊದೊಳಗೆ ಇಟ್ಟುಕೊಳ್ಳುವುದು ನಮ್ಮ ಬಾಲ್ಕನಿಗೆ ಕಾಣುತ್ತಿತ್ತು. ಪೇಪರ್ ಅಡ್ಡ ಹಿಡಿದರೂ ಕಾಣುತ್ತಿತ್ತು. ಸಾಹುಕಾರರು ಎದುರು ಸಿಕ್ಕಾಗಲೆಲ್ಲ, "ಶರಣ್ರಿ ಮೇಷ್ಟ್ರ," ಎನ್ನುತ್ತಿದ್ದರು. ನಾನು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಆರು ವಾರವಾಯಿತು. ಒಂದು ಬುಧವಾರ ನನ್ನ ಹೆಂಡತಿ, "ಇವತ್ತು ಹೋಗಿ ಮಾತಾಡಿ, ಇಲ್ದಿದ್ರೆ ನಾನೇ ಹೋಗಿ ನಿಮ್ಮ ಪರವಾಗಿ ಕೈ ಮುಗೀತೀನಿ," ಎಂದಳು. ಸೋಮವಾರ ಹೋಗುತ್ತೇನೆ ಎಂದೆ. ಹೊಸ ತರಬೇತಿ ಶುರುವಾಗುವುದು ಸೋಮವಾರವೇ, ಡಿಪೋದಲ್ಲಿ ಎಂದೂ ವಾರದ ನಡುವೆ ಶುರು ಮಾಡಿದವನಲ್ಲ. ನಮ್ಮ ಗೇಟಿನಿಂದ ಅವರ ಗೇಟಿಗೆ ಇಪ್ಪತ್ತು ಹೆಜ್ಜೆ. ಶುಕ್ರವಾರ ಮಧ್ಯಾಹ್ನ ಸಾಹುಕಾರರು ಮಂಡಿಯಲ್ಲಿ ಬೆಲ್ಲದ ರಾಶಿಯ ಪಕ್ಕ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಆ ಸೋಮವಾರ ನಾನು ಐದೂವರೆಯೊಳಗೆ ಎದ್ದು ತಯಾರಾಗಿ ಕೂತಿದ್ದೆ. ಯಾಕೆಂದು ಗೊತ್ತಿಲ್ಲ...

ಆಮೇಲೆ ಒಂದು ವರ್ಷ, ಅಕ್ಕನ ಮಾತಿನಂತೆ ಪ್ರತಿ ಭಾನುವಾರ ಹೋಗಿ, ಬ್ಯಾಟರಿ ಸಾಯದಿರಲೆಂದು ಗಾಡಿಯನ್ನು ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದೆ. ಬಾಗಿಲು ತೆಗೆದರೆ ಬೆಲ್ಲದ ವಾಸನೆ. ಕೊನೆಗೆ ಮಾರುವುದೆಂದಾಯಿತು. ವಿಜಯನಗರದಿಂದ ಒಬ್ಬ ಯುವಕ ನೋಡಲು ಬಂದ. ಗಾಡಿಯ ಸುತ್ತ ಎರಡು ಸಲ ಸುತ್ತಿ, "ಸಾರ್, ಓನರ್ ಎಕ್ಸ್‌ಪೀರಿಯೆನ್ಸ್ ಹೆಂಗಿದೆ? ರಿವ್ಯೂಗಳಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ," ಎಂದ.

ನಾನು ಕ್ರಮವಾಗಿ ಹೇಳಿದೆ. ಟ್ರಾಫಿಕ್ಕಿನಲ್ಲಿ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹಂಪ್ಸ್ ಮೇಲೆ ಮೆತ್ತಗೆ ಹೋಗುತ್ತದೆ. ಮೂಗು ಎತ್ತರ, ಮುಂದಿನ ಮೂಲೆ ಕಾಣುವುದಿಲ್ಲ, ಅಭ್ಯಾಸ ಬೇಕು. ಆಗ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಅಕ್ಕ, "ಸೀಟು ನಮ್ಮ ಮಂಚದಷ್ಟ ಎತ್ತರ ಐತಿ ತಮ್ಮಾ. ಹನ್ನೊಂದು ಸಲ ಕುಂತೀನಿ, ಒಂದು ದಿನಾನೂ ಕಾಲು ನೋವಾಗಿಲ್ಲ," ಎಂದರು.

ಹನ್ನೊಂದು ಸಲ. ನಾನು ಒಂದೇ ಸಲ ಎಂದುಕೊಂಡಿದ್ದೆ.

ಯುವಕ ಹೋದ ಮೇಲೆ ಕೇಳಿದೆ. ಹನ್ನೊಂದು ಗುರುವಾರವಂತೆ, ಕೆಂಗೇರಿಯವರೆಗೆ. ದಾರಿಯುದ್ದಕ್ಕೂ ಸಾಹುಕಾರರು ನನ್ನ ಮಾತುಗಳನ್ನೇ ನನ್ನ ದನಿಯಲ್ಲೇ ಹೇಳಿಕೊಳ್ಳುತ್ತಿದ್ದರಂತೆ. ಎಡಗಾಲು ಸುಮ್ಮನಿರಲಿ, ಕನ್ನಡಿ ನೋಡಿ, ನಾಯಿಗೂ ಸಿಗ್ನಲ್ ಬೇಕು. "ನೀವ ಹಿಂದಿನ ಸೀಟಿನ್ಯಾಗ ಕುಂತಂಗ ಅನಸ್ತಿತ್ರಿ ಅಣ್ಣಾರ. ನಕ್ಕೋಂತ ಹೋಗ್ತಿದ್ವಿ."

"ಮತ್ತೆ ನನಗ್ಯಾಕೆ ಹೇಳಲಿಲ್ಲ ಅಕ್ಕ? ಅಷ್ಟು ಚೆನ್ನಾಗಿ ಓಡಿಸ್ತಿದ್ರು. ಹನ್ನೆರಡು ದಿನ ಯಾಕೆ ದಾಟಲಿಲ್ಲ?"

ಅಕ್ಕ ಗೋಡೆ ಹಿಡಿದುಕೊಂಡೇ ಗಾಡಿಯ ಕಡೆ ತಿರುಗಿದರು. "ಹನ್ನೆರಡು ದಿನ ಆತಂದ್ರ ಪಾಠ ಮುಗೀತತಿ, ಆಮ್ಯಾಲ ಮೇಷ್ಟ್ರು ಬೆಳಿಗ್ಗೆ ಯಾಕ ಬರ್ತಾರ ಅಂತಿದ್ರು. ಅದಕ್ಕ ತಪ್ಪು ಮಾಡ್ತಿದ್ರೋ, ಖರೇನ ತಪ್ಪತಿತ್ತೋ, ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಮನೆಗೆ ಬಂದು ನೋಟ್‌ಬುಕ್ಕು ತೆಗೆದೆ. ಒಂಬತ್ತನೇ ದಿನದ ಇಂಡಿಕೇಟರ್. ಹನ್ನೊಂದನೇ ದಿನದ ಕನ್ನಡಿ. ಎಲ್ಲವೂ ನನ್ನದೇ ನೆಟ್ಟಗಿನ ಅಕ್ಷರದಲ್ಲಿ ಇದೆ. ಎಷ್ಟು ಸಲ ತಿರುವಿದರೂ ಯಾವುದು ನಿಜವಾದ ತಪ್ಪು, ಯಾವುದು ಅಲ್ಲ ಎಂದು ಗೊತ್ತಾಗುವುದಿಲ್ಲ. ಮೂವತ್ತೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತವನಿಗೆ ಅಷ್ಟು ಗೊತ್ತಾಗಬೇಕಿತ್ತು.

ಗಾಡಿ ಕೊಡುವ ಹಿಂದಿನ ದಿನ ಅಕ್ಕನನ್ನು ಕರೆದೆ. ಅವರು ಮಲ್ಲಿಗೆ ಮುಡಿದು ಬಂದರು, ಹಿಂದೆ ತಿರುಗಿ ಮಂಚದ ಮೇಲೆ ಕೂತಂತೆ ಮುಂದಿನ ಸೀಟಿನಲ್ಲಿ ಕೂತರು. ನಾನು ಎಡಗಾಲಿನ ಚಪ್ಪಲಿ ತೆಗೆದು ಗೇಟಿನ ಬಳಿ ಬಿಟ್ಟೆ.

"ನಿಮಗ್ಯಾಕ್ರಿ ಅಣ್ಣಾರ ಅದು?"

"ಮೊದಲು ಬೇಕಾಗಿದ್ದೇ ನನಗೆ ಅಕ್ಕ. ಗಾಡಿ ತಂದ ದಿನ, ದೀಪಾಂಜಲಿ ನಗರದ ಹತ್ತಿರ..."

"ಗೊತ್ತೈತ್ರಿ. ತೆಂಗಿನಕಾಯಿ ಬಿದ್ದದ್ದು ನನ್ನ ಕಾಲ ಮ್ಯಾಲ." ಅವರು ನಕ್ಕರು. "ರಸ್ತಿ ಸರಿ ಇರಲಿಲ್ಲ ಬಿಡ್ರಿ."

ಕೆಂಗೇರಿಯವರೆಗೆ ಹೋಗಿ, ಸೀಬೆಹಣ್ಣು ತಂದೆವು. ಮರುದಿನ ಯುವಕ ಗಾಡಿ ಒಯ್ಯಲು ಬಂದಾಗ, ನನಗೆ ಗೊತ್ತಿಲ್ಲದೆ ಕೈ ಹೋಗಿ ಗಾಡಿಯ ಮೈಗೆ ಎರಡು ಸಲ ತಟ್ಟಿತು. ಅವನು ಗಾಜು ಇಳಿಸಿ, "ಏನ್ ಸಾರ್?" ಎಂದ. ರೈಟ್ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. "ಏನಿಲ್ಲ, ಹೋಗಿಬನ್ನಿ," ಎಂದೆ.

ಮೊನ್ನೆಯ ಮಂಗಳವಾರ ನಾನು ವಾಕಿಂಗಿಗೆ ಹೋಗಲಿಲ್ಲ. ಹೊರಗೆ ಹೋದ ಗಾಡಿ ಬರುವವರೆಗೆ ಗೇಟು ಬಿಟ್ಟು ಕದಲಬಾರದೆಂಬುದು ಡಿಪೋದ ಹಳೆಯ ಅಭ್ಯಾಸ. ನನ್ನ ಹೆಂಡತಿ ಬಾಲ್ಕನಿಯಿಂದ, "ನಾಯಿ ತಂದಿದ್ದು ಕಣ್ರೀ, ಎತ್ತಿ ಆ ಕಡೆ ಎಸೀರಿ," ಎಂದಳು. ಎರಡು ಸಲ ಹತ್ತಿರ ಹೋದೆ, ಎತ್ತಲಾಗಲಿಲ್ಲ. ದಿನವಿಡೀ ಒಳಗೂ ಹೊರಗೂ ಓಡಾಡಿದೆ. ಸಂಜೆಯವರೆಗೂ ಅದು ಅಲ್ಲೇ ಇತ್ತು.

ಬುಧವಾರ ಐದು ಇಪ್ಪತ್ತಕ್ಕೆ ಗೇಟು ತೆಗೆದೆ. ಚಪ್ಪಲಿ ಇರಲಿಲ್ಲ. ಚಪ್ಪಲಿ ಇಲ್ಲವೆಂದರೆ ಗಾಡಿ ಬಂದು ನಿಂತಿದೆ ಎಂದರ್ಥ. ತಲೆ ಎತ್ತಿ ಎದುರಿನ ಪೋರ್ಚು ನೋಡಿದೆ.