ಮೂಗಣ್ಣನವರ ಗುಂಡುಸೂಜಿ

ಹಳೆಯ ಕಾರುಗಳ ರಿಪೇರಿ ಬಲ್ಲವರು ನಮ್ಮ ಕಸುಬಿನಲ್ಲಿ ಇನ್ನೂ ಇದ್ದಾರೆ. ಆದರೆ ಟ್ಯಾಂಕಿನಿಂದ ಹೊರಟ ಪೆಟ್ರೋಲು ಎಂಜಿನ್ ಮುಟ್ಟುವ ಮೊದಲು ಎಲ್ಲಿ ಮುನಿಸಿಕೊಂಡಿದೆ ಎಂಬುದನ್ನು ಬಾನೆಟ್ ಎತ್ತುವ ಮುನ್ನವೇ ಹೇಳಬಲ್ಲವರು ಮೂಗಣ್ಣನವರೊಬ್ಬರೇ. ಪೈಪಿನ ಕೂದಲೆಳೆಯಷ್ಟು ಸೋರಿಕೆಯನ್ನೂ ವಾಸನೆಯಿಂದಲೇ ಹಿಡಿಯುತ್ತಿದ್ದುದರಿಂದ ಆ ಹೆಸರು ಬಂತು. ಹೆತ್ತವರಿಟ್ಟ ಹೆಸರು ಹಿಡಿದು ಕರೆದರೆ ಅವರು ತಿರುಗಿಯೂ ನೋಡುವುದಿಲ್ಲ. ಅವರ ಪಕ್ಕದಲ್ಲೇ ತಗಡು ಬಡಿಯುತ್ತ ವಯಸ್ಸು ಕಳೆದ ನಾನು ಹೊಗಳುವುದನ್ನು ಕಲಿತವನಲ್ಲ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಗ್ಯಾರೇಜಿಗೆ ಸೇರಿದ ಹೊಸತರಲ್ಲಿ ಮೂಗಣ್ಣನವರಿಗೆ ಸಿಕ್ಕಿದ್ದು ತೊಳೆಯುವ ಕೆಲಸ. ಬೇರೆಯವರು ಬಿಚ್ಚಿಟ್ಟ ಕಾರ್ಬುರೇಟರುಗಳನ್ನು ತಟ್ಟೆಯಲ್ಲಿಟ್ಟು ಉಜ್ಜಿ, ಒಂದೊಂದು ತೂತಿಗೂ ಬಾಯಿಂದ ಊದಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ಪಂಪು, ಆಮೇಲೆ ಟ್ಯಾಂಕು, ಕೊನೆಗೆ ಆ ವಿಭಾಗವೇ ಅವರದಾಯಿತು. ‘ಹೊಸದು ಹಾಕಿಬಿಡೋಣ’ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಹೊಸದು ಹಾಕುವುದಕ್ಕೆ ಮೆಕ್ಯಾನಿಕ್ ಯಾಕೆ, ಅಂಗಡಿಯವನೇ ಸಾಲದೆ? ಹೀಗೆಂದು ನಾನು ಗಿರಾಕಿಗಳ ಮೇಲೆ ಹರಿಹಾಯ್ದಾಗಲೆಲ್ಲ ಅವರು ನಡುವೆ ಬರುತ್ತಿದ್ದರು. “ಹೆದರ್ಬೇಡಿ ಸ್ವಾಮಿ, ಅವನ ಸುತ್ತಿಗೆ ಥರಾನೇ ಅವನ ಬಾಯಿ. ಸಂಜೆ ಹೊತ್ತಿಗೆ ಎರಡೂ ಸುಮ್ಮನಾಗುತ್ತೆ.”

ಒಮ್ಮೆ ಔಷಧದಂಗಡಿಯ ಯಜಮಾನರೊಬ್ಬರು ತಮ್ಮ ತಂದೆಯ ಹಳೆಯ ಹಸಿರು ಕಾರನ್ನು ತಂದರು. ನಿಂತಲ್ಲಿ ಜೇನಿನ ಹಾಗೆ ಗುನುಗುವ ಕಾರು, ರಸ್ತೆಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಕೆಮ್ಮಿ ನಿಂತುಬಿಡುತ್ತಿತ್ತು. ಕಾಯ್ದರೆ ತಾನಾಗಿಯೇ ಹೊರಡುತ್ತಿತ್ತು. ಬೇರೆ ಕಡೆ ಪಂಪು ಬದಲಾಯಿಸಿ, ಪೈಪು ಬದಲಾಯಿಸಿ, ಟ್ಯಾಂಕನ್ನೂ ತೊಳೆಸಿ ಸಾಕಾಗಿದ್ದ ಯಜಮಾನರು ಗುಜರಿಯವನಿಗೆ ಮಾತು ಕೊಟ್ಟಿದ್ದರು. ಹಿಂದಿನ ಸೀಟಿನಲ್ಲಿ ಅವರ ತಂದೆ, ಮಡಿಲಲ್ಲಿ ಮೆತ್ತನೆಯ ಬಟ್ಟೆಯೊಂದನ್ನು ಇಟ್ಟುಕೊಂಡು ಕೂತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಕಾರನ್ನು ಒರೆಸುವುದು, ಪಾಲಿಶ್ ಹಾಕುವುದು, ಇಷ್ಟೇ ಅವರ ದಿನ. ಅದು ಹೋದರೆ ಆ ಕೈಗಳಿಗೆ ಬೇರೆ ಕೆಲಸವಿರಲಿಲ್ಲ.

“ಇವತ್ತೂ ನಿಂತ್ರೆ ಮುಗೀತಪ್ಪ, ನಾಳೆ ಗುಜರಿಗೆ” ಎಂದರು ಮಗ, ಓಡಿಸಿ ತೋರಿಸಲೆಂದು ನಮ್ಮನ್ನೂ ಹತ್ತಿಸಿಕೊಂಡು ರಸ್ತೆಗಿಳಿಯುತ್ತ.

“ನಿಲ್ಲಲ್ಲ ಬಿಡೋ. ನಿನಗಿಂತ ಅದೇ ವಾಸಿ, ನನ್ನ ಮಾತು ಕೇಳುತ್ತೆ” ಎಂದರು ತಾತ.

ನಿಂತಿತು. ಕಿರುಗುಟ್ಟುವ ಬಾಗಿಲು ನೋಡಲೆಂದು ಜೊತೆಗೆ ಹೋಗಿದ್ದ ನಾನು ಇಳಿದು ಬಾನೆಟ್ ಎತ್ತಲು ಓಡಿದೆ. ಮೂಗಣ್ಣನವರು ಮಾತ್ರ ಬಾನೆಟ್ಟಿನ ಕಡೆ ಹೋಗಲೇ ಇಲ್ಲ. ಹಿಂದಕ್ಕೆ ನಡೆದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. “ಈಗ ಸ್ಟಾರ್ಟ್ ಮಾಡಿ” ಎಂದರು. ಕಾರು ಹೊರಟಿತು!

ಪೆಟ್ರೋಲು ಖಾಲಿಯಾದಷ್ಟೂ ಟ್ಯಾಂಕಿನೊಳಕ್ಕೆ ಗಾಳಿ ಹೋಗಬೇಕು. ಅದಕ್ಕೆಂದೇ ಹಳೆಯ ಮುಚ್ಚಳಗಳಲ್ಲಿ ಸಣ್ಣ ತೂತಿರುತ್ತದೆ. ಅದು ಕಟ್ಟಿದರೆ ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು. ಈ ಕಾರಿನ ತೂತಿನಲ್ಲಿ ಪಾಲಿಶ್ ಒಣಗಿ ಗಟ್ಟಿಯಾಗಿತ್ತು. “ತಾತ, ನಿಮ್ಮ...” ಎಂದು ನಾನು ಬಾಯಿ ತೆರೆದೆ. ಮೂಗಣ್ಣನವರು ನನ್ನ ಕಾಲನ್ನು ಬಲವಾಗಿ ತುಳಿದರು.

“ಧೂಳು ಕೂತಿದೆ ಸ್ವಾಮಿ, ಇನ್ನೇನಿಲ್ಲ” ಎಂದರು ಮಗನಿಗೆ.

ಗ್ಯಾರೇಜಿಗೆ ಮರಳಿದ ಮೇಲೆ ಮಗ ಕೈ ತೊಳೆಯಲು ಹೋದರು. ಆಗ ಮೂಗಣ್ಣನವರು ತಮ್ಮ ಜೇಬಿನ ಗುಂಡುಸೂಜಿಯನ್ನು ತಾತನ ಕೈಗಿಟ್ಟು, “ಪಾಲಿಶ್ ಹಾಕಿದ್ಮೇಲೆ ಮುಚ್ಚಳದ ತೂತಿಗೆ ಒಂದ್ಸಲ ಚುಚ್ಚಿಬಿಡಿ ತಾತ” ಎಂದರು.

ತಾತ ಸೂಜಿಯನ್ನು ನೋಡಿದರು, ಮಡಿಲ ಬಟ್ಟೆಯನ್ನು ನೋಡಿದರು. “ಅಯ್ಯೋ, ಇಷ್ಟು ದಿನ ನಿಲ್ಲಿಸ್ತಿದ್ದಿದ್ದು ನಾನೇನಾ?”

“ನೀವಲ್ಲ ತಾತ, ಪಾಲಿಶು.”

ತಾತ ನಕ್ಕು, ಆ ಸೂಜಿಯನ್ನು ಚಾಲಕನ ಸೀಟಿನ ಬೆನ್ನಿಗೆ, ತಮ್ಮ ಕೈಗೆಟುಕುವಂತೆ ಸಿಕ್ಕಿಸಿಕೊಂಡರು. ಅವರಿರುವವರೆಗೆ ಕಾರು ದಾರಿಯಲ್ಲಿ ನಿಲ್ಲಲಿಲ್ಲ. ಗುಜರಿಯ ಮಾತನ್ನೂ ಯಾರೂ ಎತ್ತಲಿಲ್ಲ.

ಈಚೆಗೆ ಆ ಮಗ ಮತ್ತೆ ಬಂದಿದ್ದರು. ತಲೆ ಬೆಳ್ಳಗಾಗಿತ್ತು, ಕಾರು ಫಳಫಳ ಹೊಳೆಯುತ್ತಿತ್ತು. “ಅಪ್ಪ ಹೋದ್ಮೇಲೆ ನಾನೇ ಪಾಲಿಶ್ ಹಾಕ್ತಿದೀನಿ ಅಣ್ಣ. ಯಾಕೋ ಮತ್ತೆ ನಿಲ್ಲೋಕೆ ಶುರು ಮಾಡಿದೆ.”

ಮೂಗಣ್ಣನವರು ಹಿಂದಿನ ಬಾಗಿಲು ತೆಗೆದು, ಸೀಟಿನ ಬೆನ್ನನ್ನು ತಡವಿ, ತುಕ್ಕು ಹಿಡಿದ ಸೂಜಿಯನ್ನು ಕಿತ್ತು ಅವರ ಅಂಗೈಯಲ್ಲಿಟ್ಟರು. “ನಿಮ್ಮಪ್ಪಂದು. ಪಾಲಿಶ್ ಆದ್ಮೇಲೆ ಮುಚ್ಚಳಕ್ಕೆ ಒಂದ್ಸಲ.”

ಮಗ ಸೂಜಿಯನ್ನು ತಿರುಗಿಸಿ ನೋಡಿದರು. “ಆವತ್ತು ಧೂಳು ಅಂದಿದ್ರಲ್ಲ?”

“ಹೌದು, ಅಂದಿದ್ದೆ.”

ಮಗ ಹಿಂದಕ್ಕೆ ನಡೆದು ಮುಚ್ಚಳದ ತೂತಿಗೆ ಒಮ್ಮೆ ಚುಚ್ಚಿದರು. ಸೂಜಿಯನ್ನು ಇದ್ದಲ್ಲಿಯೇ ಸಿಕ್ಕಿಸಿ ಹೊರಟುಹೋದರು.

ಮೂಗಣ್ಣನವರು ಕೂರುತ್ತಿದ್ದ ಸ್ಟೂಲು ಕಿಟಕಿಯ ಬಳಿ ಹಾಗೆಯೇ ಇದೆ. ಅದನ್ನು ಸರಿಸುವ ಧೈರ್ಯವಿದ್ದವರು ಮೊದಲು ನನ್ನ ಹತ್ತಿರ ಬರಲಿ. ಅವರಿಗೆ ದೀರ್ಘಾಯುಷ್ಯವೂ, ಪೆಟ್ರೋಲು ಮೂಸುವ ಆ ಮೂಗಿಗೆ ಗಟ್ಟಿ ಆರೋಗ್ಯವೂ ಇರಲಿ. ಬೆಳಗ್ಗೆ ಮನೆಯಲ್ಲಿ ಬೇಸರವಾದಾಗಲೆಲ್ಲ ಇತ್ತ ಬರಲಿ, ಯಾವುದಾದರೊಂದು ಹಳೆಯ ಕಾರು ಅವರಿಗಾಗಿ ಕಾದಿರುತ್ತದೆ. ನಾನು ಬಾಯಿ ತೆರೆಯಬಾರದ ಕಡೆ ತೆರೆದಾಗ, ಇನ್ನೂ ಬಹಳ ವರ್ಷ, ನನ್ನ ಕಾಲನ್ನು ತುಳಿಯುತ್ತಿರಲಿ.